ಈಳಿಗೆಯ ಬಾಯಿ

ಹರಿತವಾದ ಈಳಿಗೆಯನ್ನು ಕಂಡು ಅಂಜುವವರು ಬಹಳ. ಮೊಂಡಾದ ಈಳಿಗೆಗೆ ಅಂಜುವವರು ವಿರಳ. ನಿಜವಾಗಿ ಅಂಜಬೇಕಾದುದು ಎರಡನೆಯದಕ್ಕೆ. ಅಲಗು ಹದವಾಗಿದ್ದರೆ ಬದನೆಕಾಯಿಯನ್ನು ಅದಕ್ಕೆ ತಾಕಿಸಿ ಕೊಂಚ ನೂಕಿದರೆ ಸಾಕು, ಕಾಯಿ ತಾನಾಗಿಯೇ ಎರಡು ಹೋಳಾಗುತ್ತದೆ. ಅಲಗು ಮೊಂಡಾಗಿದ್ದರೆ ಎರಡು ಕೈಗಳ ಬಲವನ್ನೂ ಹಾಕಿ ಒತ್ತಬೇಕು. ಹಾಗೆ ಒತ್ತುತ್ತಿರುವಾಗ ಟೊಮೇಟೊ ಹಣ್ಣಿನ ನುಣುಪಾದ ಸಿಪ್ಪೆ ಜಾರಿತೆಂದರೆ, ಹಣ್ಣಿಗೆಂದು ಹಾಕಿದ ಬಲವೆಲ್ಲ ಬೆರಳಿನ ಪಾಲಾಗುತ್ತದೆ. ಟೊಮೇಟೊವನ್ನು ಸೀಳಲಾರದಷ್ಟು ಮೊಂಡಾದ ಅಲಗೂ ಮನುಷ್ಯನ ಚರ್ಮವನ್ನು ಹರಿಯಲು ಬೇಕಾದಷ್ಟು ಹರಿತವಾಗಿಯೇ ಇರುತ್ತದೆ; ಗಾಯವು ಮಾತ್ರ ನೇರವಾಗಿರದೆ ಸಿಗಿದುಕೊಂಡು, ಮಾಯಲು ಹೆಚ್ಚು ದಿನಗಳನ್ನು ಬೇಡುತ್ತದೆ.

ಅಡಿಗೆಯ ಹೊತ್ತಿನಲ್ಲಿ ಅನೇಕ ಮನೆಗಳಲ್ಲಿ ಕೇಳಿಬರುವ ಮಾತುಕತೆಯೊಂದುಂಟು.

“ಏನೂಂದ್ರೆ, ಈ ಈಳಿಗೆಗೆ ಸಾಣೆ ಹಿಡಿಸಿಕೊಂಡು ಬನ್ನಿ ಅಂತ ಎಷ್ಟು ಸಲ ಹೇಳಬೇಕು?”

“ಬೀದಿಯಲ್ಲಿ ಸಾಣೆಯವನು ಬರುತ್ತಾನಲ್ಲ, ಅವನ ಕೈಗೆ ಕೊಟ್ಟರಾಯಿತು.”

“ಅವನು ಈ ಬೀದಿಗೆ ಬಂದು ಯಾವ ಕಾಲವಾಯಿತು!”

ಅಷ್ಟರಲ್ಲಿ ನಡುಮನೆಯಿಂದ ಅತ್ತೆಯವರ ದನಿ: “ನಮ್ಮ ಕಾಲದಲ್ಲಿ ಹಿತ್ತಿಲ ಕಲ್ಲಿನ ಮೇಲೆ ನಾವೇ ಮಸೆದುಕೊಳ್ಳುತ್ತಿದ್ದೆವು ಕಣಮ್ಮ.”

ಮೂವರಲ್ಲಿ ಕೆಲಸಕ್ಕೆ ಬರುವ ಮಾತನ್ನಾಡಿದವರು ಅತ್ತೆಯವರೇ. ಆದರೆ ಆ ಮಾತನ್ನು ಹಳೆಯ ಕಾಲದ ಹೆಗ್ಗಳಿಕೆಯೆಂದು ಬಗೆದು ಮಗನೂ ಸೊಸೆಯೂ ಸುಮ್ಮನಾಗುತ್ತಾರೆ. ಈಳಿಗೆ ಮೊಂಡಾಗಿಯೇ ಉಳಿಯುತ್ತದೆ.

ಸಾಣೆ ಹಿಡಿಯುವುದು ಬೇರೆ, ಮಸೆಯುವುದು ಬೇರೆ. ಕನ್ನಡ ಭಾಷೆಯೇ ಈ ಎರಡನ್ನೂ ಬೇರೆ ಮಾಡಿ ಇಟ್ಟುಕೊಂಡಿದೆ. ಸಾಣೆ ಎಂಬುದು ಸಂಸ್ಕೃತದ ‘ಶಾಣ’ದಿಂದ ಬಂದದ್ದು, ಮಸೆ ಎಂಬುದು ಅಚ್ಚಗನ್ನಡ. (ಒಬ್ಬರ ಮೇಲೊಬ್ಬರು ಕತ್ತಿ ಮಸೆಯುತ್ತಾರೆಂದು ಹಗೆತನಕ್ಕೆ ಈ ಮಾತನ್ನು ಸವೆಯಿಸಿಬಿಟ್ಟಿದ್ದೇವೆ. ಅಡಿಗೆಮನೆಯ ಕತ್ತಿಯನ್ನು ಮಸೆಯುವುದು ಮಾತ್ರ ಮರೆತುಹೋಗಿದೆ.) ಸಾಣೆಯ ಚಕ್ರವು ಕಬ್ಬಿಣವನ್ನು ತಿಂದು ಹೊಸ ಅಂಚನ್ನು ಹುಟ್ಟಿಸುತ್ತದೆ, ಮಸೆಗಲ್ಲು ಇದ್ದ ಅಂಚನ್ನು ಉಳಿಸಿಕೊಡುತ್ತದೆ. ಮೇಲಿಂದ ಮೇಲೆ ಸಾಣೆಗೆ ಹೋದ ಈಳಿಗೆಯು ವರ್ಷದಿಂದ ವರ್ಷಕ್ಕೆ ಬಡವಾಗುತ್ತ ಬಂದು, ಕಡೆಗೆ ಹಕ್ಕಿಯ ಕೊಕ್ಕಿನಷ್ಟಾಗುತ್ತದೆ. ವಾರಕ್ಕೊಮ್ಮೆ ಎರಡು ನಿಮಿಷ ಮಸೆದುಕೊಳ್ಳುವ ಮನೆಯಲ್ಲಿ ಅದೇ ಈಳಿಗೆ ಸೊಸೆಯ ಸೊಸೆಗೂ ಒದಗುತ್ತದೆ.

ಸಾಣೆಯಲ್ಲಿ ಇನ್ನೊಂದು ಅಪಾಯವುಂಟು. ಕಿಡಿ ಹಾರುವ ಅಂದವನ್ನು ನೋಡಲು ಮಕ್ಕಳು ಸುತ್ತುಗಟ್ಟುತ್ತಾರೆ. ಆ ಕಿಡಿಗಳ ಮಗ್ಗುಲಲ್ಲೇ ಅಲಗಿನ ತೆಳುವಾದ ಅಂಚು ಕಾಯುತ್ತಿರುತ್ತದೆ. ಕಮ್ಮಾರನು ಕುಲುಮೆಯಲ್ಲಿ ಕಾಯಿಸಿ, ನೀರಿನಲ್ಲಿ ಅದ್ದಿ ಕೊಟ್ಟ ಹದವು ಸುಮಾರು 200 ಡಿಗ್ರಿ ಸೆಂಟಿಗ್ರೇಡನ್ನು ದಾಟಿದ ಮೇಲೆ ಸಡಿಲವಾಗತೊಡಗುತ್ತದೆ. ಅಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗಿತೆಂದರೆ ಎಚ್ಚರಿಕೆ. 300 ಡಿಗ್ರಿಯ ಆಸುಪಾಸಿನಲ್ಲಿ ನೀಲಿಯಾಯಿತೆಂದರೆ ಆ ಭಾಗದ ಉಕ್ಕು ಮೆತ್ತಗಾಯಿತೆಂದೇ ಅರ್ಥ. ಅಲ್ಲಿಂದ ಮುಂದೆ ಇಂದು ಹಿಡಿಸಿದ ಸಾಣೆ ನಾಲ್ಕು ದಿನಕ್ಕೆ ಇಳಿಯುತ್ತದೆ. ಒಳ್ಳೆಯ ಸಾಣೆಗಾರನು ಮಗ್ಗುಲಲ್ಲಿ ನೀರಿನ ಡಬ್ಬಿಯನ್ನಿಟ್ಟುಕೊಂಡು ಗಳಿಗೆಗೊಮ್ಮೆ ಅಲಗನ್ನು ಅದ್ದುತ್ತಾನೆ. ಸೈಕಲ್ಲಿನ ಪೆಡಲು ತುಳಿದು ಚಕ್ರವನ್ನು ತಿರುಗಿಸುವ ಅಂಥ ಸಾಣೆಗಾರನು ಅಪರೂಪಕ್ಕೆ ಬೀದಿಗೆ ಬಂದನೆಂದರೆ ಅವನೊಡನೆ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದು ತರವಲ್ಲ. ಅವಸರಪಡಬೇಡವೆಂದು ಹೇಳುವುದೇ ಲಾಭ. ಒಲೆಯ ಉರಿಯಲ್ಲಿ ಚಾಕುವಿನ ತುದಿಯನ್ನು ಕಾಯಿಸಿ ಪ್ಲಾಸ್ಟಿಕ್ ಚೀಲವನ್ನು ಕತ್ತರಿಸುವ ಚಾಳಿಯೂ ಹದವನ್ನು ಇಳಿಸತಕ್ಕದ್ದೇ.

ಉಕ್ಕಿನ ಮಾತು ಬಂದಾಗ ಕನ್ನಡಿಗರು ಕೊಂಚ ಹೆಮ್ಮೆಪಟ್ಟರೆ ತಪ್ಪಿಲ್ಲ. 1795ರಲ್ಲಿ ಜಾರ್ಜ್ ಪಿಯರ್‌ಸನ್ ಎಂಬ ವಿದ್ವಾಂಸನು ಭಾರತದಿಂದ ಹೋದ ‘ವೂಟ್ಜ್’ ಎಂಬ ಉಕ್ಕನ್ನು ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಒಪ್ಪಿಸಿದನು. ವೂಟ್ಜ್ ಎಂಬ ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನ ವಿಕಾರವೆಂಬುದು ಅನೇಕ ಪಂಡಿತರ ಮತ. ಲಂಡನ್ನಿನಲ್ಲಿ ಕತ್ತಿ ಕತ್ತರಿಗಳ ಕಸುಬಿನವನಾಗಿದ್ದ ಜೇಮ್ಸ್ ಸ್ಟೊಡಾರ್ಟನು ಈ ಉಕ್ಕನ್ನು ಮೆಚ್ಚಿ ಬಳಸಿದನಲ್ಲದೆ, ಮೈಕೇಲ್ ಫ್ಯಾರಡೆಯೊಡನೆ ಸೇರಿ ನಡೆಸಿದ ಉಕ್ಕಿನ ಪ್ರಯೋಗಗಳನ್ನು 1820ರಲ್ಲಿ ಪ್ರಕಟಿಸಿದನು. ತುಕ್ಕು ಹಿಡಿಯದ ಉಕ್ಕು ಬಂದದ್ದು ಅನಂತರ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ 1913ರಲ್ಲಿ ಹ್ಯಾರಿ ಬ್ರೇರ್ಲಿ ಎಂಬಾತನು ಬಂದೂಕಿನ ನಳಿಗೆಗೆ ತಕ್ಕ ಲೋಹವನ್ನು ಹುಡುಕುತ್ತಿದ್ದಾಗ ಕ್ರೋಮಿಯಂ ಬೆರೆಸಿದ ಉಕ್ಕು ತುಕ್ಕಿಗೆ ಬಗ್ಗದುದನ್ನು ಕಂಡು, ಇದು ಊಟದ ಚಾಕುವಿಗೆ ತಕ್ಕುದೆಂದು ಊಹಿಸಿದನು. ಇಂಥ ಚಾಕು ಹೊಳೆದೀತು, ಹೆಚ್ಚಲಾರದು ಎಂದು ಊರಿನ ಕಸುಬುದಾರರು ಮೊದಲಿಗೆ ಹಾಸ್ಯಮಾಡಿದರು. ಈಗ ಪೇಟೆಯಲ್ಲಿ ಸಿಕ್ಕುವ ಅಗ್ಗದ ಸ್ಟೀಲು ಚಾಕುಗಳನ್ನು ಬಳಸಿದವರಿಗೆ ಆ ಹಾಸ್ಯ ಪೂರ್ತಿ ಸುಳ್ಳೆನಿಸದು. ಹಳೆಯ ಕಬ್ಬಿಣದ ಈಳಿಗೆ ತುಕ್ಕು ಹಿಡಿಯುತ್ತದೆ, ನಿಜ. ಆದರೆ ಬೇಗ ಹರಿತಗೊಂಡು ಬಹುಕಾಲ ಹಾಗೆಯೇ ನಿಲ್ಲುತ್ತದೆ. ಹೆಚ್ಚಿದೊಡನೆ ತೊಳೆದು, ಒಣಬಟ್ಟೆಯಿಂದ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನು ಸವರಿದರೆ ತುಕ್ಕಿನ ಭಯವೂ ಇಲ್ಲ. ಬಾಳೆಕಾಯಿಯನ್ನೂ ಬಾಳೆಹೂವನ್ನೂ ಹೆಚ್ಚಿದಾಗ ಅಲಗು ಕಪ್ಪಾಗುವುದು ರೋಗವಲ್ಲ; ಕಾಯಿಯ ಒಗರು ಕಬ್ಬಿಣದೊಡನೆ ಕೂಡಿ ಆದ ಬಣ್ಣ ಅದು. ಹಿಂದಿನವರು ಅಳಲೆಕಾಯಿಯ ಒಗರಿಗೆ ಕಬ್ಬಿಣವನ್ನು ಸೇರಿಸಿ ಬರವಣಿಗೆಯ ಮಸಿಯನ್ನು ಮಾಡಿಕೊಳ್ಳುತ್ತಿದ್ದುದೂ ಇದೇ ಗುಟ್ಟಿನಿಂದ.

ಇನ್ನು ಮಸೆಯುವ ಕ್ರಮ. ಮೊದಲು ಚಾಕುವಿನ ವಿಚಾರ. ಒಂದು ಬದಿ ಒರಟು, ಇನ್ನೊಂದು ಬದಿ ನುಣುಪಾಗಿರುವ ಮಸೆಗಲ್ಲು ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ದೊರೆಯುತ್ತದೆ. ಅದರ ಕೆಳಗೆ ಒದ್ದೆಬಟ್ಟೆಯನ್ನು ಹಾಸಿದರೆ ಜಾರುವುದಿಲ್ಲ. ಕಲ್ಲಿನ ಮೇಲೆ ನೀರು ಚಿಮುಕಿಸಿ, ಅಂಚು ಮುಂದಾಗುವಂತೆ ಹಿಡಿದು, ಕಲ್ಲಿನ ಮೇಲಿಂದ ತೆಳ್ಳನೆಯ ಪದರವೊಂದನ್ನು ಹೆರೆಯುವವರಂತೆ ಚಾಕುವನ್ನು ನೂಕಬೇಕು. ಎಷ್ಟು ಓರೆಯಾಗಿ ಹಿಡಿಯಬೇಕೆಂಬಲ್ಲಿಯೇ ಹಲವರು ಸೋಲುತ್ತಾರೆ. ಕಾಗದವೊಂದರ ನೇರ ಮೂಲೆಯನ್ನು ಒಮ್ಮೆ ಮಡಿಸಿದರೆ 45 ಡಿಗ್ರಿ. ಇನ್ನೊಮ್ಮೆ ಮಡಿಸಿದರೆ 22 ಡಿಗ್ರಿಗೆ ತುಸು ಮೇಲೆ. ಆ ಮಡಿಕೆಯನ್ನು ಕಲ್ಲಿನ ಬದಿಗಿಟ್ಟುಕೊಂಡು, ಅದಕ್ಕಿಂತ ಕೂದಲೆಳೆಯಷ್ಟು ಕೆಳಗೆ ಚಾಕುವನ್ನು ಹಿಡಿದರೆ ಅಡಿಗೆಮನೆಯ ಕೆಲಸಕ್ಕೆ ತಕ್ಕ ಓರೆ ಸಿಕ್ಕಿದಂತೆಯೇ. ಇನ್ನೂ ಸಂಶಯವಿದ್ದರೆ ಮಕ್ಕಳ ಬಣ್ಣದ ಪೆನ್ನಿನಿಂದ ಅಂಚಿಗೆ ಗೀಚಿ ಎರಡು ಸಲ ಮಸೆಯಿರಿ. ಅಂಚಿನ ತುದಿಯವರೆಗೂ ಬಣ್ಣ ಹೋಗಿದ್ದರೆ ಓರೆ ಸರಿ. ಮೇಲುಗಡೆ ಮಾತ್ರ ಹೋಗಿದ್ದರೆ ಚಾಕು ಬಹಳ ಮಲಗಿದೆ.

ಒಂದು ಬದಿಯನ್ನು ಸಾಕಷ್ಟು ಮಸೆದಾಗ ಅಂಚಿನ ಆಚೆಯ ಬದಿಗೆ ಲೋಹದ ಸಣ್ಣ ಎಳೆಯೊಂದು ಮಗುಚಿಕೊಂಡು ನಿಲ್ಲುತ್ತದೆ. ಚಾಕುವಿನ ಬೆನ್ನಿನಿಂದ ಅಂಚಿನ ಕಡೆಗೆ ಬೆರಳನ್ನು ಹಗುರವಾಗಿ ಸವರಿದರೆ ಅದು ತೊಡರುವುದು ತಿಳಿಯುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಬೆರಳನ್ನು ಎಳೆಯಬಾರದು. ಆ ಎಳೆ ಕಂಡ ಮೇಲೆ ಇನ್ನೊಂದು ಬದಿ. ಕಡೆಗೆ ನುಣುಪು ಬದಿಯ ಮೇಲೆ ಒಮ್ಮೆ ಅತ್ತ, ಒಮ್ಮೆ ಇತ್ತ, ಭಾರ ಹಾಕದೆ. ಎಳೆಯನ್ನು ಹಾಗೆಯೇ ಬಿಟ್ಟ ಚಾಕು ಮೊದಲ ದಿನ ಬೆರಗಾಗುವಂತೆ ಹೆಚ್ಚಿ, ಮರುದಿನವೇ ಮುಗ್ಗರಿಸುತ್ತದೆ. ಹಳೆಯ ಚರ್ಮದ ನಡುಪಟ್ಟಿಯ ಒಳಬದಿಯ ಮೇಲೆ, ಕ್ಷೌರಿಕನು ಕತ್ತಿಯನ್ನು ಎಳೆಯುವಂತೆ, ಬೆನ್ನು ಮುಂದಾಗಿ ಹತ್ತು ಸಲ ಎಳೆದರೆ ಉಳಿದ ಎಳೆಯೂ ಬಿದ್ದುಹೋಗುತ್ತದೆ.

ಮಸೆಗಲ್ಲಿಲ್ಲದ ಮನೆಯಲ್ಲಿಯೂ ಉಪ್ಪಿನಕಾಯಿಯ ಜಾಡಿ ಇರುತ್ತದೆ. ಅದನ್ನು ಬೋರಲು ಹಾಕಿ ನೋಡಿ: ತಳದಲ್ಲಿ ಹೊಳಪಿಲ್ಲದ, ಒರಟಾದ ಬಳೆಯೊಂದು ಕಾಣುತ್ತದೆ. ಕಾಫಿಯ ಪಿಂಗಾಣಿ ಬಟ್ಟಲಿನ ತಳದಲ್ಲಿಯೂ ಅಂಥದೇ ಬಳೆ. ಅದು ಸಣ್ಣಜಾತಿಯ ಮಸೆಗಲ್ಲೇ ಸರಿ. ನೆಂಟರು ಬಂದು, ಒಲೆಯ ಮೇಲೆ ಸಾರು ಕುದಿಯುತ್ತ, ಚಾಕು ಕೈಕೊಟ್ಟ ಗಳಿಗೆಯಲ್ಲಿ ಅದರ ಮೇಲೆ ಆರೆಂಟು ಸಲ ಮಸೆದರೆ ಅಂದಿನ ಅಡಿಗೆ ಸಾಗುತ್ತದೆ. ಬ್ರೆಡ್ಡು ಕೊಯ್ಯುವ, ಗರಗಸದಂಥ ಹಲ್ಲಿನ ಚಾಕುವನ್ನು ಮಾತ್ರ ಯಾವ ಕಲ್ಲಿಗೂ ಒಡ್ಡಬಾರದು.

ಈಳಿಗೆಯಲ್ಲಿ ಅಲಗು ನಿಂತಿರುತ್ತದೆ. ಕಲ್ಲು ಅದರ ಬಳಿಗೆ ಹೋಗಬೇಕು. ಒಳಬಾಗಿದ ಅಲಗಿಗೆ ಅಗಲವಾದ ಕಲ್ಲು ಹೊಂದುವುದಿಲ್ಲ. ರೈತರು ಕುಡುಗೋಲನ್ನು ಮಸೆಯಲು ಬಳಸುವಂಥ ಕಿರಿದಾದ, ಉದ್ದನೆಯ ಕಲ್ಲು ಬೇಕು. ಮಣೆಯ ಮೇಲೆ ಎಂದಿನಂತೆ ಅಂಚಿಗೆ ಎದುರಾಗಿ ಕೂಡದೆ, ಮಗ್ಗುಲಿಗೆ ಕುಳಿತು, ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ಬುಡದಿಂದ ತುದಿಯ ಕಡೆಗೆ ಕಲ್ಲನ್ನು ನಿಧಾನವಾಗಿ ಸಾಗಿಸಬೇಕು. ಬೆರಳ ತುದಿಗಳು ಕಲ್ಲನ್ನು ದಾಟಿ ಆಚೆ ಚಾಚಿರಬಾರದು. ಕೈಗೆ ದಪ್ಪ ಬಟ್ಟೆಯನ್ನು ಸುತ್ತಿಕೊಂಡರೆ ನಾಚಿಕೆಯೇನಿಲ್ಲ. ಮಕ್ಕಳು ಶಾಲೆಗೆ ಹೋದ ಹೊತ್ತೇ ಈ ಕೆಲಸಕ್ಕೆ ಸುಮುಹೂರ್ತ. ಅಲಗಿನ ತುದಿಯಲ್ಲಿ ತುರಿಯುವ ಹಲ್ಲುಗಳಿದ್ದರೆ ಅವುಗಳ ಸಂದುಗಳಿಗೆ ಮೂರು ಮೂಲೆಯ ಸಣ್ಣ ಅರವೇ ಬೇಕು. ಒಂದೊಂದು ಸಂದಿಗೂ ಎರಡೆರಡು ಉಜ್ಜು ಸಾಕು. ಹಲ್ಲು ಮೊಂಡಾದ ತುರಿಮಣೆ ಕಾಯಿಯನ್ನು ತುರಿಯದೆ ಜಜ್ಜುತ್ತದೆಂಬುದನ್ನು ಚಟ್ನಿಯ ರುಚಿ ಬಲ್ಲವರಿಗೆ ಹೇಳಬೇಕಾಗಿಲ್ಲ.

ಈರುಳ್ಳಿಯ ಕಣ್ಣೀರಿಗೂ ಇದೇ ಮಾತು. ಈರುಳ್ಳಿಯ ಜೀವಕೋಶಗಳು ಒಡೆದಾಗ ಒಳಗೆ ಬೇರೆ ಬೇರೆಯಾಗಿದ್ದ ವಸ್ತುಗಳು ಕೂಡಿ, ಕಣ್ಣು ಉರಿಸುವ ಅನಿಲ ಹುಟ್ಟುತ್ತದೆ. ಹರಿತವಾದ ಅಲಗು ಕೋಶಗಳನ್ನು ಸೀಳಿ ಮುಂದೆ ಹೋಗುತ್ತದೆ. ಮೊಂಡು ಅಲಗು ಅಕ್ಕಪಕ್ಕದವನ್ನೂ ಅರೆದುಹಾಕುತ್ತದೆ. ಹೆಂಡತಿಯ ಕಣ್ಣಿನಲ್ಲಿ ದಿನವೂ ನೀರು ಕಾಣುವ ಗಂಡನು, ಬೇರೆ ಕಾರಣಗಳನ್ನು ಹುಡುಕುವ ಮೊದಲು, ಒಮ್ಮೆ ಚಾಕುವನ್ನು ಪರೀಕ್ಷಿಸುವುದು ಒಳ್ಳೆಯದು.

ಮಸೆದ ಬಾಯನ್ನು ಕೆಡಿಸುವ ದಾರಿಗಳು ಅನೇಕ. ಸ್ಟೀಲು ತಟ್ಟೆಯ ಮೇಲೆ, ಕಡಪ ಕಲ್ಲಿನ ಕಟ್ಟೆಯ ಮೇಲೆ ಹೆಚ್ಚುವುದು ಅವುಗಳಲ್ಲಿ ಮೊದಲನೆಯದು; ಮರದ ಹಲಗೆ ಒಂದೇ ಅಲಗಿಗೆ ಮಿತ್ರ. ಹೆಚ್ಚಿದ ಹೋಳುಗಳನ್ನು ಅಂಚಿನಿಂದಲೇ ಬಾಚಿ ಬಾಣಲೆಗೆ ತಳ್ಳುವುದು ಎರಡನೆಯದು. ಬೆನ್ನನ್ನು ತಿರುಗಿಸಿ ಬಾಚಿದರೆ ಕಳೆದುಕೊಳ್ಳುವುದೇನಿಲ್ಲ. ಸೌಟು ಚಮಚಗಳ ನಡುವೆ ತೊಟ್ಟಿಯಲ್ಲಿ ಚಾಕುವನ್ನು ನೆನೆಹಾಕಿದರೆ ಅಂಚಿಗೂ ಕೇಡು, ಪಾತ್ರೆ ತೊಳೆಯುವವರ ಕೈಗೂ ಕೇಡು. ಮರದ ಹಿಡಿಯೂ ನೀರು ಕುಡಿದು ಸಡಿಲವಾಗುತ್ತದೆ. ಸಡಿಲವಾದ ಹಿಡಿಯ ತೂತಿನೊಳಗೆ ಅರಗಿನ ಪುಡಿಯನ್ನು ತುಂಬಿ, ಅಲಗಿನ ಬಾಲವನ್ನು ಮಾತ್ರ ಕಾಯಿಸಿ ಒತ್ತಿದರೆ ಅದು ಮತ್ತೆ ಬಿಗಿಯಾಗುತ್ತದೆ. ಹಲಸಿನ ಹಣ್ಣನ್ನು ಬಿಡಿಸುವ ಮುನ್ನ ಅಲಗಿಗೂ ಅಂಗೈಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕೆಂಬುದನ್ನು ಮಲೆನಾಡಿನವರಿಗೆ ಕಲಿಸಬೇಕಾದುದಿಲ್ಲ. ಮೇಣ ಅಂಟಿದ ಅಲಗನ್ನು ಬೂದಿ ಹಾಕಿ ಗಸಗಸನೆ ತಿಕ್ಕುವ ಪಟ್ಟಣದವರಿಗೆ ಹೇಳಬೇಕು.

ಮಡಿಸುವ ಈಳಿಗೆಯಲ್ಲಿ ಅಲಗನ್ನು ಹಿಡಿದಿರುವ ಮೊಳೆಯನ್ನು ತಿಂಗಳಿಗೊಮ್ಮೆ ಅಲುಗಿಸಿ ನೋಡಬೇಕು. ಆ ಮೊಳೆ ಸಡಿಲವಾಗಿ ಅಲಗು ಓಲಾಡುತ್ತಿದ್ದರೆ ಎಷ್ಟು ಮಸೆದರೂ ವ್ಯರ್ಥ. ಕುಂಬಳಕಾಯಿಯನ್ನು ಒತ್ತಿದಾಗ ಅಲಗು ಮಗ್ಗುಲಿಗೆ ತಿರುಗಿಬಿಡುತ್ತದೆ. ಈಗ ಬಂದಿರುವ, ದಾರ ಎಳೆದು ಹೆಚ್ಚುವ ಪ್ಲಾಸ್ಟಿಕ್ ಡಬ್ಬಿಗೂ ಅದರದೇ ಆದ ಆರೈಕೆಯುಂಟು: ಅರ್ಧಕ್ಕಿಂತ ಹೆಚ್ಚು ತುಂಬದಿರುವುದು, ದಾರವನ್ನು ಓರೆಯಾಗಿ ಎಳೆಯದಿರುವುದು, ಮುಚ್ಚಳವನ್ನು ನೀರಿನಲ್ಲಿ ಮುಳುಗಿಸದೆ ಒರೆಸಿಡುವುದು. ಅದರ ಅಲಗುಗಳು ಮೊಂಡಾದ ಮೇಲೆ ಮನೆಯಲ್ಲಿ ಮಸೆಯುವುದು ಕಷ್ಟವೇ.

ಹೆಚ್ಚಿ ಮುಗಿಸಿದ ಈಳಿಗೆಯನ್ನು ನಿಲ್ಲಿಸಿ ಬಿಡದೆ ಮಲಗಿಸಿಡಬೇಕು, ದಾಟಬಾರದು, ಕೈಯಿಂದ ಕೈಗೆ ಕೊಡದೆ ನೆಲದ ಮೇಲಿಡಬೇಕು ಎಂದು ಹಿರಿಯರು ಹೇಳುತ್ತ ಬಂದುದನ್ನು ಶಾಸ್ತ್ರವೆಂದು ನಗುವವರುಂಟು. ತೆವಳುವ ಕೂಸಿರುವ ಮನೆಯಲ್ಲಿ ಈ ಶಾಸ್ತ್ರದ ಅರ್ಥ ತಾನಾಗಿಯೇ ತಿಳಿಯುತ್ತದೆ. ಆಯುಧಪೂಜೆಯ ದಿನ ಅರಿಸಿನ ಕುಂಕುಮ ಇಡುವ ಮೊದಲು ಮನೆಯ ಅಲಗುಗಳನ್ನೆಲ್ಲ ಒಟ್ಟಿಗೆ ಹರವಿ, ಯಾವುದು ಮಸೆತಕ್ಕೆ, ಯಾವುದು ಸಾಣೆಗೆ, ಯಾವುದು ಕಮ್ಮಾರನಿಗೆ ಎಂದು ವಿಂಗಡಿಸಿಕೊಳ್ಳಬಹುದು. ಬಿರುಕು ಬಿಟ್ಟದ್ದು, ಬುಡದಲ್ಲಿ ತುಕ್ಕು ತಿಂದು ತೆಳುವಾದದ್ದು ಇದ್ದರೆ ಅದರ ಆಸೆಯನ್ನು ಬಿಡಬೇಕು. ಅದನ್ನು ಹಾಗೆಯೇ ಕಸದ ಬುಟ್ಟಿಗೆ ಎಸೆಯದೆ, ದಪ್ಪ ರಟ್ಟಿನಲ್ಲಿ ಸುತ್ತಿ, ದಾರದಿಂದ ಬಿಗಿದು, ಕಸದವರು ಬಂದಾಗ ಒಳಗೆ ಅಲಗಿದೆಯೆಂದು ಬಾಯಿಬಿಟ್ಟು ಹೇಳಿ ಕೊಡಬೇಕು.