ಕೋವಿ ವಿನಾಯಿತಿ ಗಡಿಯಾಚೆಗೆ ಸಾಲದೆ ಹೋಗಬಹುದು



ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುವ ಕೋವಿಯನ್ನು ಕೊಡವರೂ ಜಮ್ಮಾ, ಎಂದರೆ ವಂಶಪಾರಂಪರ್ಯ, ಹಿಡುವಳಿದಾರರೂ ಪರವಾನಗಿಯಿಲ್ಲದೆ ಹೊಂದಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿ ಕೇಂದ್ರ ಸರ್ಕಾರ ನೀಡಿರುವ ವಿನಾಯಿತಿಯು 2029ರ ಅಕ್ಟೋಬರ್ 31ರವರೆಗೆ ವಿಸ್ತರಣೆಯಾಗಿದೆ. ಆದರೆ ಅದು 3 ಮತ್ತು 4ನೇ ಕಲಮುಗಳಿಗಷ್ಟೇ ಅನ್ವಯಿಸುತ್ತದೆ. ಆಯುಧವನ್ನು ದೇಶದೊಳಕ್ಕೆ ತರಲು ಇಲ್ಲವೆ ಹೊರಕ್ಕೆ ಒಯ್ಯಲು ಸಾಮಾನ್ಯವಾಗಿ ಪರವಾನಗಿ ಕೇಳುವ 10ನೇ ಕಲಮು ಅದರ ವ್ಯಾಪ್ತಿಯಲ್ಲಿಲ್ಲದ ಕಾರಣ, ಗುರಿಸ್ಪರ್ಧೆಗೋ ಬೇಟೆಗೆ ಅವಕಾಶವಿರುವ ದೇಶಕ್ಕೋ ಮನೆಯ ಕೋವಿಯೊಡನೆ ಹೊರಡುವವರಿಗೆ ವಿನಾಯಿತಿ ಪತ್ರವೊಂದೇ ಸಾಲದೆ ಹೋಗಬಹುದು. ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಆಯುಧ ವಿಮಾನ ನಿಲ್ದಾಣದಲ್ಲಿ ಜಪ್ತಿಯಾದರೆ ಅದು ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ನೋವಿನ ಸಂಗತಿ. ಜಿಲ್ಲಾಡಳಿತವು 10ನೇ ಕಲಮಿನ ನಿಯಮವನ್ನು ವಿನಾಯಿತಿ ಪತ್ರದ ಹಿಂಬದಿಯಲ್ಲೇ ಕನ್ನಡದಲ್ಲಿ ಮುದ್ರಿಸಿ, ನಾಡಕಚೇರಿಗಳಲ್ಲಿ ಮಾಹಿತಿ ಫಲಕ ಹಾಕಿಸಬೇಕೆಂದು ವಿನಂತಿ.

– ಓದುಗರು, ಬಾಳೆಲೆ, ಕೊಡಗು