ಈ ವಾರ ತೆರೆಗೆ: ಹಾಜರಿ ಕೂಗುವ ಕ್ರಮ



ಗುರುವಾರ ಬಂತೆಂದರೆ ಪತ್ರಿಕೆಗಳಲ್ಲಿಯೂ ಮೊಬೈಲಿನಲ್ಲಿಯೂ ‘ಈ ವಾರ ತೆರೆಗೆ’ ಎಂಬ ಪಟ್ಟಿ ಕಾಣಿಸಿಕೊಳ್ಳುತ್ತದೆ. ನಿವೃತ್ತನಾದ ಮೇಲೆ ನಾನು ಅದನ್ನು ತಪ್ಪದೆ ಓದುತ್ತೇನೆ. ಓದಿದಷ್ಟೂ ಅಸಮಾಧಾನ ಹೆಚ್ಚುತ್ತಿದೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅಂದು ಹೊಸ ಕನ್ನಡ ಚಿತ್ರವೆಂಬುದೇ ಒಂದು ಸುದ್ದಿ. ಈಚಿನ ವರ್ಷಗಳಲ್ಲಿ ಕನ್ನಡದಲ್ಲಿಯೇ ವರ್ಷಕ್ಕೆ ಇನ್ನೂರರ ಆಸುಪಾಸಿನಲ್ಲಿ ಚಿತ್ರಗಳು ಬರುತ್ತಿವೆ. 52 ಶುಕ್ರವಾರಗಳಿಗೆ ಹಂಚಿದರೆ ವಾರಕ್ಕೆ ನಾಲ್ಕು. ಜೊತೆಗೆ ತಮಿಳು, ತೆಲುಗು, ಹಿಂದಿ, ಇಂಗ್ಲಿಷ್ ಬೇರೆ. ಇಂತಹ ಜಾತ್ರೆಯಲ್ಲಿ ದಾರಿ ತೋರಿಸುವವರು ಬೇಕೇ ಬೇಕು. ಆದರೆ ದಾರಿ ತೋರಬೇಕಾದ ಬರಹ ನಾಯಕನ ಹೆಸರು, ಖರ್ಚಾದ ಕೋಟಿಗಳು, ಚಿತ್ರಮಂದಿರಗಳ ಸಂಖ್ಯೆ ಇಷ್ಟನ್ನು ಹೇಳಿ, ‘ಇವುಗಳೊಂದಿಗೆ ಇನ್ನೂ ಮೂರು ಚಿತ್ರಗಳು ಬಿಡುಗಡೆಯಾಗುತ್ತಿವೆ’ ಎಂದು ಕೈತೊಳೆದುಕೊಳ್ಳುತ್ತದೆ.

ಇದರಿಂದ ಆಗುವ ನಷ್ಟವೇನೆಂದು ನೀವು ಕೇಳಬಹುದು. 1972ರ ‘ಬಂಗಾರದ ಮನುಷ್ಯ’ವಾಗಲಿ, 2006ರ ಕೊನೆಯ ವಾರ ತೆರೆಕಂಡ ‘ಮುಂಗಾರು ಮಳೆ’ಯಾಗಲಿ ಜನರ ಬಾಯಿಮಾತಿನಿಂದ ಬೆಳೆದವು. ಬಾಯಿಮಾತು ಹರಡಲು ಕಾಲ ಬೇಕು. ಇಂದು ಸಣ್ಣ ಚಿತ್ರದ ಹಣೆಬರಹ ಭಾನುವಾರದೊಳಗೆ ನಿರ್ಧಾರವಾಗಿ, ಸೋಮವಾರ ಪ್ರದರ್ಶನಗಳು ಕಡಿಮೆಯಾಗುತ್ತವೆ. ವಿಮರ್ಶೆ ಓದುಗನ ಕೈ ಸೇರುವ ವೇಳೆಗೆ ಅರ್ಧ ಅವಧಿ ಮುಗಿದಿರುತ್ತದೆ. ಆದ್ದರಿಂದ ಇಂದು ವಿಮರ್ಶೆಗಿಂತ ಮುನ್ನೋಟಕ್ಕೇ ಹೆಚ್ಚಿನ ಹೊಣೆಯಿದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವರ್ಷಗಟ್ಟಲೆ ಸಹಾಯಕ ನಿರ್ದೇಶಕನಾಗಿ ದುಡಿದು ಕಡೆಗೊಂದು ಚಿತ್ರ ಮಾಡಿದ. ಆ ವಾರದ ಪಟ್ಟಿಯಲ್ಲಿ ಚಿತ್ರದ ಹೆಸರು ಮಾತ್ರವಿತ್ತು, ಅದೂ ಕಾಗುಣಿತ ತಪ್ಪಿ. ಮಂಗಳವಾರ ನಾನು ಚಿತ್ರಮಂದಿರಕ್ಕೆ ಹೋಗುವಷ್ಟರಲ್ಲಿ ಅಲ್ಲಿ ಬೇರೆ ಭಿತ್ತಿಪತ್ರ ಅಂಟಿಸಿಯಾಗಿತ್ತು. ಚಿತ್ರ ಚೆನ್ನಾಗಿತ್ತೋ ಇಲ್ಲವೋ ಎಂದು ಹೇಳುವ ಅವಕಾಶವೇ ನನಗೆ ದೊರೆಯಲಿಲ್ಲ.

2016ರಲ್ಲಿ ನಮ್ಮಲ್ಲಿ ತೆರೆಕಂಡ ‘ತಿಥಿ’ಯನ್ನು ನೆನೆಯಿರಿ. ಮಂಡ್ಯ ಸೀಮೆಯ ಹಳ್ಳಿಗರೇ ಅದರ ನಟರು. ಅದು ಹಿಂದಿನ ವರ್ಷವೇ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದಿತ್ತು. ತಾರೆಯರ ಹೆಸರನ್ನಷ್ಟೇ ಎಣಿಸುವ ಪಟ್ಟಿ ಅಂತಹ ಚಿತ್ರದ ಬಗ್ಗೆ ಏನು ತಾನೆ ಬರೆದೀತು? 2015ರ ಜುಲೈನಲ್ಲಿ ‘ರಂಗಿತರಂಗ’ ಬಂದ ಮರುವಾರವೇ ‘ಬಾಹುಬಲಿ’ ಬಂದಿತು. ಹೊಸಬರ ಆ ಚಿತ್ರ ಉಳಿದದ್ದು ನೋಡಿದವರು ಅದರ ಪರವಾಗಿ ದನಿಯೆತ್ತಿದ್ದರಿಂದ. ಎಲ್ಲ ಚಿತ್ರಗಳಿಗೂ ಅಂತಹ ಭಾಗ್ಯವಿರುವುದಿಲ್ಲ.

ಹಾಗಾದರೆ ಮುನ್ನೋಟದಲ್ಲಿ ಏನಿರಬೇಕು? ಕಥೆ ಯಾವ ಊರಿನದು, ಯಾರ ಬದುಕಿನದು, ಕಾದಂಬರಿ ಆಧಾರಿತವಾದರೆ ಲೇಖಕರು ಯಾರು, ಮೂಲ ಕನ್ನಡವೋ ಡಬ್ಬಿಂಗೋ, ಅವಧಿ ಎಷ್ಟು, ಎಲ್ಲಿ, ಎಷ್ಟು ಗಂಟೆಗೆ ಪ್ರದರ್ಶನ. ಸೆನ್ಸಾರ್ ಪ್ರಮಾಣಪತ್ರದ ವಿವರವೂ ಬೇಕು. 2024ರ ನಿಯಮಗಳಂತೆ ‘ಯು/ಎ’ ವರ್ಗವನ್ನು 7, 13, 16 ವರ್ಷಗಳೆಂದು ವಿಂಗಡಿಸಲಾಗಿದೆ. ಮೊಮ್ಮಕ್ಕಳ ಕೈಹಿಡಿದು ಹೊರಡುವ ನನ್ನಂಥವರಿಗೆ ಕೋಟಿಗಳ ಲೆಕ್ಕಕ್ಕಿಂತ ಈ ಅಂಕಿ ಮುಖ್ಯ. ಹಿಂದೆ ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಪದ್ಯಾವಳಿಗಳಲ್ಲಿ ಕಥಾಸಾರವನ್ನು ಕುತೂಹಲದ ಘಟ್ಟಕ್ಕೆ ತಂದು ನಿಲ್ಲಿಸಿ, ಉಳಿದದ್ದನ್ನು ತೆರೆಯ ಮೇಲೆಯೇ ನೋಡಬೇಕೆಂದು ಹೇಳುತ್ತಿದ್ದರು. ಆ ವಿವೇಕ ಇಂದಿಗೂ ಸಲ್ಲುತ್ತದೆ.

ಇರಬಾರದ್ದು ಒಂದೇ, ತೀರ್ಪು. ಉತ್ತರಪತ್ರಿಕೆ ತೆರೆಯದೆ ಅಂಕ ಕೊಡುವವನು ಉಪಾಧ್ಯಾಯನಲ್ಲ. ನೋಡದ ಚಿತ್ರವನ್ನು ‘ಭರ್ಜರಿ’ ಎನ್ನುವುದೂ ಅಂಥದೇ.

ಓದುಗರಿಗೆ ಬೇಕಾಗಿರುವುದೇ ತಾರೆಯರು ಎಂದು ಪತ್ರಕರ್ತ ಮಿತ್ರರು ಹೇಳುತ್ತಾರೆ. ಅದರಲ್ಲಿ ನಿಜಾಂಶವಿದೆ. ಆದರೆ ಊಟಕ್ಕೆ ಕುಳಿತವನು ಎಲೆಗೆ ಬಡಿಸಿದ್ದನ್ನಲ್ಲವೇ ರುಚಿ ನೋಡುವುದು? ಸಣ್ಣ ಚಿತ್ರವೆಂದ ಮಾತ್ರಕ್ಕೆ ಅದು ಒಳ್ಳೆಯದಾಗಬೇಕಿಲ್ಲ. ನಾನು ಕೃಪಾಂಕ ಕೇಳುತ್ತಿಲ್ಲ. ಹಾಜರಿ ಕೂಗುವಾಗ ಮುಂದಿನ ಬೆಂಚಿನವರ ಹೆಸರನ್ನು ಗಟ್ಟಿಯಾಗಿ ಕೂಗಿ ಹಿಂದಿನ ಬೆಂಚಿನವರನ್ನು ‘ಇತರರು’ ಎನ್ನುವ ಪದ್ಧತಿ ನಮ್ಮ ಶಾಲೆಯಲ್ಲಿರಲಿಲ್ಲ. ಸಿನಿಮಾ ಪುಟಕ್ಕೂ ಅದು ಬೇಡ.

ಈ ಶುಕ್ರವಾರ ನೀವು ಹೆಸರು ಕೇಳದ ಒಂದು ಕನ್ನಡ ಚಿತ್ರವನ್ನು ಹುಡುಕಿಕೊಂಡು ಹೋಗಿ ನೋಡಿ. ಮೆಚ್ಚಿದರೆ ನಾಲ್ಕು ಜನಕ್ಕೆ ಹೇಳಿ, ಮೆಚ್ಚದಿದ್ದರೆ ಅದನ್ನೂ ಹೇಳಿ.