ನಳಿಕೆಗೆ ಕಷಾಯ ಬೇಡ, ಬಾಯಿಗೆ ಬ್ರಷ್ ಬೇಕು

‘ಸಿಸ್ಟರ್, ಅಮೃತಬಳ್ಳಿ, ತುಳಸಿ, ಕಾಳುಮೆಣಸು ಹಾಕಿ ಕುದಿಸಿ ತಂದಿದ್ದೀನಿ. ಮೂಗಿನ ಪೈಪಲ್ಲಿ ಸ್ವಲ್ಪ ಬಿಡ್ರಿ, ಕಫ ಕಟ್ಟಲ್ಲ.’ ಐಸಿಯು ನರ್ಸ್ ಆದ ನನಗೆ ಇಂಥ ಕೋರಿಕೆ ಹೊಸದಲ್ಲ. ಕೇಳುವವರು ಹೆಚ್ಚಾಗಿ ರೋಗಿಯ ತಾಯಿ, ಇಲ್ಲವೇ ಹೆಂಡತಿ. ಅವರ ಭಯಕ್ಕೆ ಕಾರಣವಿದೆ. ವೆಂಟಿಲೇಟರ್ ಹಾಕಿ ಎರಡು ದಿನ ದಾಟಿದರೆ ನ್ಯುಮೋನಿಯಾ ತಗಲುವ ಅಪಾಯ ನಿಜಕ್ಕೂ ಇದೆ.

ಆದರೂ ನಾನು ಕಷಾಯ ಬಿಡುವುದಿಲ್ಲ. ಸೋಂಕು ಬರುವುದು ಬಹುಪಾಲು ಬಾಯಿಯಿಂದ. ಗಂಟಲಲ್ಲಿ ಪೈಪ್ ಇರುವ ರೋಗಿ ಸರಿಯಾಗಿ ಕೆಮ್ಮಲಾರ. ಬ್ಯಾಕ್ಟೀರಿಯಾ ತುಂಬಿದ ಜೊಲ್ಲು ಪೈಪಿನ ಸುತ್ತಲಿನ ಬಲೂನಿನ ಮೇಲೆ ನಿಂತು, ಹನಿಹನಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆಗೆ ಹೋದ ಕಷಾಯ ಇದನ್ನು ತಡೆಯುವುದಿಲ್ಲ. ಅದರ ಚರಟ ಸಣ್ಣ ನಳಿಕೆಯಲ್ಲಿ ಕಟ್ಟಿಕೊಳ್ಳುತ್ತದೆ, ಬೇರೆ ಮದ್ದುಗಳೊಂದಿಗೆ ಸೇರಿ ಏನು ಮಾಡೀತೋ ಹೇಳಲಾಗದು. ಅಮೃತಬಳ್ಳಿ ಸೇವಿಸಿದ ಆರು ಜನರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ನಿಜ. ಆದರೆ ಯಕೃತ್ತು ಮೊದಲೇ ಸೋತಿರುವ ರೋಗಿಯ ಮೇಲೆ ಆ ವಿವಾದ ಬಗೆಹರಿಸಲು ನಾನು ಸಿದ್ಧಳಿಲ್ಲ.

ಅಧ್ಯಯನಗಳೇ ಇಲ್ಲವೆಂದಲ್ಲ. 2010ರಲ್ಲಿ ಪ್ರಕಟವಾದ ಇರಾನಿನ ಅಧ್ಯಯನವೊಂದರಲ್ಲಿ ಶುಂಠಿ ಸಾರ ಕೊಟ್ಟವರಲ್ಲಿ ನ್ಯುಮೋನಿಯಾ ಕಡಿಮೆ ಕಂಡಿತು. ಅಲ್ಲಿದ್ದ ರೋಗಿಗಳು ಕೇವಲ 32. ಅಷ್ಟರಿಂದ ಏನನ್ನೂ ಖಚಿತವಾಗಿ ಹೇಳಲಾಗದು. ಪ್ರೊಬಯಾಟಿಕ್‌ಗಳ ಮೇಲೂ ಹೀಗೇ ಆಸೆ ಹುಟ್ಟಿತ್ತು. 2021ರಲ್ಲಿ ಮೂರು ದೇಶಗಳ 44 ಐಸಿಯುಗಳ 2,650 ರೋಗಿಗಳ ಫಲಿತಾಂಶ ಬಂದಾಗ ನ್ಯುಮೋನಿಯಾ ಪ್ರೊಬಯಾಟಿಕ್ ಪಡೆದವರಲ್ಲೂ ಪಡೆಯದವರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ಪ್ರೊಬಯಾಟಿಕ್ ಪಡೆದ ಕೆಲವರಿಗೆ ಅದರಲ್ಲಿನ ಬ್ಯಾಕ್ಟೀರಿಯಾದಿಂದಲೇ ಸೋಂಕಾಗಿತ್ತು.

ಕೆಲಸಕ್ಕೆ ಬರುವುದು ಬೇರೆಯೇ. ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ರಾತ್ರಿ ರೋಗಿ ಕೆಳಗೆ ಜಾರುತ್ತಾನೆ, ಇಬ್ಬರು ಸೇರಿ ಮೇಲಕ್ಕೆಳೆಯಬೇಕು. ದಿನವೂ ಹಲ್ಲುಜ್ಜಬೇಕು: ಒಂದು ಕೈಯಲ್ಲಿ ಸಣ್ಣ ಬ್ರಷ್, ಇನ್ನೊಂದರಲ್ಲಿ ಸಕ್ಷನ್, ನಾಲಿಗೆಯ ಬಿಳಿ ಪದರ ತೆಗೆದು, ತುಟಿಗೆ ಜೆಲ್ ಹಚ್ಚಿ, ಪೈಪನ್ನು ಬಾಯಿಯ ಇನ್ನೊಂದು ಮೂಲೆಗೆ ಸರಿಸಿ ಟೇಪ್ ಹಾಕಬೇಕು. ಅಮೆರಿಕದ 2022ರ ಮಾರ್ಗಸೂಚಿ ಬಾಯಿ ತೊಳೆಯುವ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ಬಿಟ್ಟು ಬ್ರಷ್ಷನ್ನೇ ಉಳಿಸಿಕೊಂಡಿದೆ. ಒಬ್ಬಳೇ ನರ್ಸ್ ನಾಲ್ಕು ಹಾಸಿಗೆ ನೋಡುವ ಪಾಳಿಯಲ್ಲಿ ಮೊದಲು ತಪ್ಪಿಹೋಗುವುದೂ ಈ ಹಲ್ಲುಜ್ಜುವ ಕೆಲಸವೇ. ವೆಂಟಿಲೇಟರ್ ಕೊಂಡ ಆಸ್ಪತ್ರೆ ಅದರ ಪಕ್ಕ ನಿಲ್ಲಲು ನರ್ಸನ್ನೂ ನೇಮಿಸಲೇಬೇಕು.

ನಿಮ್ಮವರು ಐಸಿಯುವಿನಲ್ಲಿದ್ದರೆ, ಮನೆಯಲ್ಲಿ ಯಾವ ಕಷಾಯ, ಚೂರ್ಣ ತೆಗೆದುಕೊಳ್ಳುತ್ತಿದ್ದರೆಂದು ಮುಚ್ಚಿಡದೆ ಹೇಳಿ. ರೌಂಡ್ಸ್‌ಗೆ ಬಂದ ವೈದ್ಯರನ್ನು ಕೇಳಿ: ಇವತ್ತು ಬಾಯಿ ಸ್ವಚ್ಛ ಮಾಡಿದ್ದಾರಾ? ನಿದ್ರೆಯ ಮದ್ದು ಇಳಿಸಿ, ಸ್ವಂತ ಉಸಿರಾಟ ಪರೀಕ್ಷಿಸಿದಿರಾ? ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.